ಗುಂಡುಸೂಜಿಯ ಮಾಲೀಕ

ಸವತಿ ಮತ್ಸರ ಎಂದು ಹೆಂಗಸರ ತಲೆಗೆ ಕಟ್ಟಿರುವ ಮಾತೊಂದಿದೆ. ಗಂಡಸಿಗೆ ಅಂಥ ಪದವೇ ಇಲ್ಲ. ಇದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ನನ್ನ ಹೆಂಡತಿಯ ಮೊದಲ ಗಂಡ ತೀರಿಕೊಂಡು ಆರು ವರ್ಷವಾಯಿತು. ನಾನು ಅವಳನ್ನು ಮದುವೆಯಾಗಿ ಎರಡು. ಸತ್ತವನ ಮೇಲೆ ಹೊಟ್ಟೆಕಿಚ್ಚುಪಡುವುದು ನಾಚಿಕೆಗೇಡು ಎಂದು ನನಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಕಿಚ್ಚು ಆರುತ್ತದೆಯೇ?

ಹಾಗಂತ ಅವನ ಫೋಟೋ ನೋಡಿದರೆ ನನಗೇನೂ ಆಗುತ್ತಿರಲಿಲ್ಲ. ಊಟದ ಕೋಣೆಯ ಗೋಡೆಯ ಮೇಲೆ ಅದಿದೆ. ದಿನಾ ಬೆಳಿಗ್ಗೆ ಅದರ ಗಾಜನ್ನು ಒರೆಸುವವನೂ ನಾನೇ. ಕನ್ನಡಕದ ಅಂಗಡಿ ಇಟ್ಟವನು, ಗಾಜಿನ ಮೇಲೆ ಧೂಳು ಕಂಡರೆ ಕೈ ಸುಮ್ಮನಿರುವುದಿಲ್ಲ. ಫೋಟೋದಲ್ಲಿ ಅವನು ಹಾಕಿಕೊಂಡಿರುವ ಕನ್ನಡಕ ಎಡಕ್ಕೆ ಕೂದಲೆಳೆಯಷ್ಟು ಓರೆಯಾಗಿದೆ. ನನ್ನ ಅಂಗಡಿಯದಲ್ಲ. ಅದೊಂದು ಸಮಾಧಾನ ನನಗೆ.

ನನ್ನ ಸಂಕಟವೆಲ್ಲ ಒಂದು ಹೆಸರಿನದು. ಅದಕ್ಕೆ ಬರುವ ಮೊದಲು ಮನೆಯವರನ್ನು ಹೇಳಿಬಿಡುತ್ತೇನೆ. ಹೆಂಡತಿ ಲಿಫ್ಟ್ ಕಂಪನಿಯೊಂದಕ್ಕೆ ಮನೆಯಲ್ಲೇ ಕೂತು ನಕ್ಷೆ ಬಿಡಿಸುತ್ತಾಳೆ. ಬಾಗಿಲಷ್ಟು ಅಗಲದ ಕಾಗದ ಉಗುಳುವ ಪ್ರಿಂಟರ್ ಅವಳ ಕೋಣೆಯಲ್ಲಿದೆ. ಮಗಳಿಗೆ ಹದಿನಾಲ್ಕು. ಅವಳಿಗೆ ಮೊದಲ ಕನ್ನಡಕ ಹಾಕಿದವನು ನಾನೇ, ಅವಳಿಗಾಗ ಒಂಬತ್ತು ವರ್ಷ. ಅಂದಿನಿಂದ ಇಂದಿನವರೆಗೂ ನಾನು ಅವಳಿಗೆ ಕನ್ನಡಕದ ಅಂಕಲ್. ಹಿಂದಿನ ಕೋಣೆಯಲ್ಲಿರುವವರು ತೀರಿಕೊಂಡವನ ತಾಯಿ. ಹೆಂಡತಿಯ ಅತ್ತೆ ನನಗೆ ಏನಾಗಬೇಕು ಎಂದು ಯಾರೂ ಹೇಳಿಕೊಟ್ಟಿಲ್ಲ. ಅವಳು ಅತ್ತೆ ಅನ್ನುತ್ತಾಳೆ, ನಾನೂ ಅತ್ತೆ ಅನ್ನುತ್ತೇನೆ; ಎರಡು ಕಡೆಯಿಂದಲೂ ಸರಿಹೋಗುವ ಪದ ಅದೊಂದೇ. ಮೂವರ ಕಣ್ಣಿನ ನಂಬರೂ ನನಗೆ ಬಾಯಿಪಾಠ. ಮನೆ ಅವನು ಕಟ್ಟಿಸಿದ್ದು. ನಾನು ಎರಡು ಸೂಟ್‌ಕೇಸ್ ಹಿಡಿದು ಬಂದವನು.

ಒಂದು ದಿನ ಹೆಂಡತಿ ಕಂಪನಿಯ ಆಫೀಸಿಗೆ ಹೋಗಿದ್ದಾಗ ಫೋನ್ ಮಾಡಿದಳು. ಅಲ್ಲಿಂದಲೇ ಮನೆಯ ಪ್ರಿಂಟರಿಗೆ ನಕ್ಷೆ ಕಳಿಸಿದ್ದಾಳೆ, ಅದು ಬಂತೋ ಇಲ್ಲವೋ ತಿಳಿಯುತ್ತಿಲ್ಲ.

"ನನ್ನ ಕಂಪ್ಯೂಟರಲ್ಲಿ ಮನೆ ಯಂತ್ರಗಳ ಪಟ್ಟಿ ಇದೆ ನೋಡಿ. ಪ್ರಿಂಟರ್ ಮುಂದೆ ಹಸಿರು ಚುಕ್ಕೆ ಇದೆಯಾ?"

ಪಟ್ಟಿ ತೆಗೆದೆ. ಹಸಿರು ಚುಕ್ಕೆ ಇತ್ತು. ಅದರ ಮುಂದೆ ಹೀಗೆ ಬರೆದಿತ್ತು: ಪ್ರಿಂಟರ್ ಡಾಟ್ ಗುಂಡುಸೂಜಿ ಡಾಟ್ ನೆಟ್. ಕೆಳಗೆ, ಬಾಗಿಲು ಡಾಟ್ ಗುಂಡುಸೂಜಿ ಡಾಟ್ ನೆಟ್. ಅಜ್ಜಿರೇಡಿಯೋ ಡಾಟ್ ಗುಂಡುಸೂಜಿ ಡಾಟ್ ನೆಟ್. ಮೆಟ್ಟಿಲದೀಪ, ಟೀವಿ, ನೀರಿನ ಮೋಟಾರು, ಎಲ್ಲದರ ಹಿಂದೆಯೂ ಅದೇ ಬಾಲ. ಊರಿಗೆಲ್ಲ ಒಂದು ಹೆಸರಿರುವ ಹಾಗೆ ಮನೆಯ ವೈಫೈ ಜಾಲಕ್ಕೂ ಒಂದು ಡೊಮೇನ್ ಹೆಸರಿಡಬಹುದಂತೆ, ಮನೆಯೊಳಗಿನ ಯಂತ್ರಗಳಿಗೆಲ್ಲ ಅದೇ ಮನೆತನದ ಹೆಸರಾಗುತ್ತದಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ಪಟ್ಟಿಯ ತಳದಲ್ಲಿ ನನ್ನ ಫೋನು ಕಂಡಿತು. ಕಂಪನಿ, ಮಾಡಲ್ ನಂಬರು ಎಲ್ಲ ಸರಿಯಾಗಿತ್ತು. ಹೆಸರಿನ ಜಾಗದಲ್ಲಿ ಮಾತ್ರ: ಅತಿಥಿ-3 ಡಾಟ್ ಗುಂಡುಸೂಜಿ ಡಾಟ್ ನೆಟ್.

ನೀರಿನ ಮೋಟಾರಿಗೆ ಹೆಸರಿದೆ, ನಾನು ಅತಿಥಿ ಮೂರು. ಎರಡು ವರ್ಷದಿಂದ ಆ ಮೋಟಾರಿನ ನೀರು ಕುಡಿಯುತ್ತಿದ್ದವನಿಗೆ ಹೇಗಾಗಬೇಡ!

ಸಂಜೆ ಅವಳು ಬಂದ ಕೂಡಲೇ ಕೇಳಿದೆ. "ಇಲ್ನೋಡು, ಈ ಗುಂಡುಸೂಜಿ ಅಂದ್ರೆ ಏನು?"

ಅವಳು ನಕ್ಕುಬಿಟ್ಟಳು. ನಕ್ಕು, ಚಪ್ಪಲಿ ಬಿಚ್ಚುವ ನೆಪದಲ್ಲಿ ಬಗ್ಗಿದಳು. "ನಾನೇ ರೀ. ಅವರು ನನ್ನ ಹಾಗೆ ಕರೀತಿದ್ರು. ಇಬ್ರೂ ಒಂದೇ ಕಡೆ ಕೆಲಸದಲ್ಲಿದ್ವಲ್ಲ, ಹಲಗೆಗೆ ಕಾಗದ ಚುಚ್ಚುವಾಗ ಸೂಜಿಗಳನ್ನ ತುಟೀಲಿ ಕಚ್ಕೊಂಡಿರ್ತಿದ್ದೆ. ಯಾರು ಏನು ಕೇಳಿದ್ರೂ ಹ್ಞೂಂ, ಹ್ಞೂಂ ಅಷ್ಟೇ. ಮದುವೆ ಮಾಡ್ಕೊಳ್ತೀಯಾ ಅಂತ ಕೇಳಿದಾಗ್ಲೂ ಬಾಯ್ತುಂಬ ಸೂಜಿ."

ಹೇಳುತ್ತಾ ಹೇಳುತ್ತಾ ಅವಳ ಕಿವಿ ಕೆಂಪಾಯಿತು. ನನ್ನ ಯಾವ ಮಾತಿಗೂ ಆ ಕಿವಿ ಕೆಂಪಾದದ್ದನ್ನು ನಾನು ಕಂಡಿಲ್ಲ. ಕನ್ನಡಕದ ಕಡ್ಡಿ ಸರಿಪಡಿಸಲು ಅದೇ ಕಿವಿಯ ಹಿಂದೆ ಎಷ್ಟು ಸಲ ಬೆರಳಿಟ್ಟಿದ್ದೇನೋ ಲೆಕ್ಕವಿಲ್ಲ. ಅವತ್ತು ರಾತ್ರಿಯ ಊಟ ನನಗೆ ಸೇರಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಎಲ್ಲಿ ಕಣ್ಣು ಹಾಯಿಸಿದರೂ ಅದೇ. ಟೀವಿ ಹಾಕಿದರೆ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಗುಂಡುಸೂಜಿ. ಬಾಗಿಲ ಬೀಗ ಫೋನಿನಲ್ಲಿ ತೆರೆದರೆ ಗುಂಡುಸೂಜಿ. ಅವನು ನೆಟ್‌ವರ್ಕ್ ಕೆಲಸ ಕಲಿತದ್ದೇ ಹವ್ಯಾಸಕ್ಕಂತೆ. ಹವ್ಯಾಸಕ್ಕೆ ಜನ ಗಿಡ ನೆಡುತ್ತಾರೆ, ಅಂಚೆಚೀಟಿ ಸೇರಿಸುತ್ತಾರೆ. ಈ ಮಹಾನುಭಾವ ಹೆಂಡತಿಯ ಮುದ್ದಿನ ಹೆಸರನ್ನು ನೀರಿನ ಮೋಟಾರಿಗೂ ಅಂಟಿಸಿ ಹೋಗಿದ್ದಾನೆ.

ಹೀಗಿರುವಾಗ ಮನೆಗೆಲ್ಲ ವೈಫೈ ಹಂಚುವ ಹಳೆಯ ರೌಟರ್ ಪೆಟ್ಟಿಗೆ ಕೆಟ್ಟಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಹೊಸದನ್ನು ನಾನೇ ಕೊಂಡು ತಂದೆ. ಜೋಡಿಸುವ ಕೆಲಸ ಮಗಳದು. ಅಪ್ಪ ಬರೆದಿಟ್ಟ ನೀಲಿ ರಟ್ಟಿನ ನೋಟ್‌ಬುಕ್ಕು ಅವಳ ಹತ್ತಿರವೇ ಇರುತ್ತದೆ. ಭಾನುವಾರ ತಿಂಡಿಯಾದ ಮೇಲೆ ಊಟದ ಮೇಜಿನ ಮೇಲೆ ಹೊಸ ಪೆಟ್ಟಿಗೆ ಇಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ತಲೆಯೆತ್ತಿದಳು.

"ಮನೆಯ ಡೊಮೇನ್ ಹೆಸರೇನು ಅಂತ ಕೇಳ್ತಿದೆ. ಹಳೇದೇ ಹಾಕ್ಲಾ?"

"ಪೆಟ್ಟಿಗೆ ಹೊಸದು," ಅಂದೆ ನಾನು, ಆದಷ್ಟೂ ಹಗುರವಾಗಿ. "ಹೆಸರೂ ಹೊಸದಿರಲಿ ಬಿಡು. ಎಲ್ಲರಿಗೂ ಸೇರಿದ್ದು."

ಹೆಂಡತಿ ನನ್ನನ್ನು ಒಮ್ಮೆ ನೋಡಿದಳು. ಅತ್ತೆ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಿದ್ದವರು ಹಾಗೇ ನಿಲ್ಲಿಸಿದರು, ಅರ್ಧ ಬ್ರೆಡ್ಡು ಲೋಟದೊಳಗೆ ಬಿತ್ತು.

"ಹೆಸರೇ ಇಲ್ಲದಿದ್ರೆ ಏನಾಗುತ್ತೆ ಮರಿ?" ಎಂದರು ಅತ್ತೆ.

"ಆಗ ಅಂಕಿ ನೆನಪಿಡಬೇಕು ಅಜ್ಜಿ. ನಿಮ್ಮ ರೇಡಿಯೋ ಹಾಕೋಕೆ ನೂರ ತೊಂಬತ್ತೆರಡು ಡಾಟ್ ನೂರ ಅರವತ್ತೆಂಟು ಡಾಟ್..."

"ಬೇಡಮ್ಮ ತಾಯಿ, ನಂಗೆ ನನ್ನ ಫೋನ್ ನಂಬರೇ ನೆನಪಿರಲ್ಲ. ಇಡು ಏನಾದ್ರೂ."

"ಹೊಸಬೆಳಕು ಡಾಟ್ ನೆಟ್," ಅಂದೆ. ವಾರದಿಂದ ಯೋಚಿಸಿಟ್ಟದ್ದು. ಬೆಳಕು ಅಂದರೆ ಕಣ್ಣು, ಕಣ್ಣು ಅಂದರೆ ನಾನು. ಒಳಗೊಳಗೇ ಖುಷಿಪಟ್ಟುಕೊಂಡಿದ್ದೆ.

ಮಗಳು ಹುಡುಕಿ ನೋಡಿದಳು. "ಬಲ್ಬ್ ಅಂಗಡಿಯವರು ಯಾರೋ ಕೊಂಡಾಗಿದೆ."

"ಕೊಂಡ್ರೆ ಕೊಳ್ಳಲಿ. ನಮ್ಮ ಮನೆಯೊಳಗೆ ನಾವು ಏನಾದ್ರೂ ಕರ್ಕೋಬಹುದಲ್ಲ?"

"ಹಾಗಾಗಲ್ಲ ಅಂಕಲ್. ಅಪ್ಪ ಬರೆದಿದಾರೆ ನೋಡಿ," ಎಂದು ನೋಟ್‌ಬುಕ್ಕು ತೆರೆದು ಓದಿದಳು. "'ಪರರ ಹೆಸರನ್ನು ಮನೆಯೊಳಗೆ ಇಟ್ಟುಕೊಂಡರೆ ಮನೆಯ ಗುಟ್ಟು ಒಂದು ದಿನ ಪರರ ಬಾಗಿಲು ತಟ್ಟುತ್ತದೆ. ಸ್ವಂತಕ್ಕೆ ಕೊಂಡ ಹೆಸರಿಡು. ಇಲ್ಲವೇ ಯಾರೂ ಕೊಳ್ಳಲಾಗದಂತೆ ಮನೆಗಳಿಗೆಂದೇ ಬಿಟ್ಟಿರುವ ಬಾಲ ಹಚ್ಚಿಕೋ.' ಮೊದ್ಲು ಅಪ್ಪಾನೂ ಸುಮ್ನೆ ಒಂದು ಹೆಸರಿಟ್ಟಿದ್ರಂತೆ. ಆಮೇಲೆ ಅದನ್ನ ಯಾವುದೋ ಹೋಟೆಲಿನವರು ಕೊಂಡ್ಕೊಂಡ್ರು. ಅಮ್ಮ ಹೊರಗಡೆಯಿಂದ ಪ್ರಿಂಟರ್ ಹುಡುಕಿದ್ರೆ ಊಟದ ಪಟ್ಟಿ ಬರ್ತಿತ್ತಂತೆ."

ಹೆಂಡತಿಗೆ ಆ ನೆನಪಿಗೇ ನಗು ಬಂತು. ನನ್ನ ಹೊಟ್ಟೆಯಲ್ಲಿ ಇನ್ನೊಂದು ಕೊಳ್ಳಿ ಬಿತ್ತು. ಮತ್ತೆರಡು ಹೆಸರು ಹೇಳಿದೆ. ಒಂದು ಹಾಸಿಗೆ ಅಂಗಡಿಯವರದು, ಇನ್ನೊಂದಕ್ಕೆ ಮಗಳು ಮೂಗು ಮುರಿದಳು, "ಔಷಧಿ ಹೆಸರಿನ ಹಾಗಿದೆ."

"ಇರೋ ಹೆಸರು ಇದ್ದರೆ ಏನು ತೊಂದರೆ?" ಎಂದಳು ಹೆಂಡತಿ ಮೆಲ್ಲಗೆ. "ಅದಕ್ಕೆ ಬೇರೆ ಕೆಲಸಗಳೂ ಇವೆ. ನಿಮಗೇನನ್ಸುತ್ತೆ, ಹೇಳಿ."

ಈಗ ನೆನೆಸಿಕೊಂಡರೆ ಅವಳು ಬಾಗಿಲನ್ನು ಪೂರ್ತಿ ತೆರೆದು ಹಿಡಿದಿದ್ದಳು. ನನಗೆ ಅದನ್ನು ನೋಡಿ ಇನ್ನಷ್ಟು ಉರಿಯಿತು. ಇದ್ದದ್ದು ಬೇಡ ಎಂದು ಬಾಯಿಬಿಟ್ಟು ಹೇಳಿ ಸಣ್ಣವನಾಗಲೇ?

"ನಂಗೇನು! ಏನಾದ್ರೂ ಇಟ್ಕೊಳ್ಳಿ," ಅಂದೆ.

"ಸರಿ, ಹಳೇದೇ," ಎಂದು ಮಗಳು ಒತ್ತಿದಳು. ಆಗ ಅತ್ತೆ ಲೋಟದ ತಳದಿಂದ ಬ್ರೆಡ್ಡನ್ನು ಚಮಚೆಯಲ್ಲಿ ಎತ್ತುತ್ತಾ, ಯಾವ ದುರುದ್ದೇಶವೂ ಇಲ್ಲದೆ, ಬಾಯಿಗೆ ಬಂದದ್ದನ್ನು ಆಡಿಬಿಟ್ಟರು.

"ಅತ್ತ ಸುತ್ತಿ ಇತ್ತ ಸುತ್ತಿ ಕೊನೆಗೆ ಹಳೇ ಗಂಡನ ಪಾದವೇ ಗತಿ ಅಂದ ಹಾಗಾಯ್ತು."

ಆಮೇಲೆ ಅತ್ತೆಗೇ ಹೊಳೆದು ಸೆರಗಲ್ಲಿ ಬಾಯಿ ಮುಚ್ಚಿಕೊಂಡರು. ಮಗಳಿಗೆ ನಗು ತಡೆಯಲಾಗಲಿಲ್ಲ. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ? ನಕ್ಕು, ಫೋಟೋ ಒರೆಸುವ ಬಟ್ಟೆ ಎತ್ತಿಕೊಂಡು, ಅವತ್ತು ಆ ಗಾಜನ್ನು ಎರಡನೆಯ ಸಲ ಒರೆಸಿದೆ.

ಹತ್ತು ದಿನ ಕಳೆದ ಮೇಲೆ, ಹೆಸರು ಮಾರುವ ಕಂಪನಿಯಿಂದ ಒಂದು ಇಮೇಲ್ ಬಂತು. ಮನೆಯ ಬಿಲ್ಲುಗಳನ್ನೆಲ್ಲ ಈ ವರ್ಷದಿಂದ ಹೆಂಡತಿ ನನಗೊಪ್ಪಿಸಿದ್ದಳು, ಅದಕ್ಕೆಂದೇ ಬೇರೆ ಇಮೇಲ್ ಇತ್ತು. ಕರೆಂಟು, ನೀರು, ಇಂಟರ್‌ನೆಟ್ಟಿನ ನಡುವೆ ಇದು: ಗುಂಡುಸೂಜಿ ಡಾಟ್ ನೆಟ್ ಹೆಸರಿನ ಅವಧಿ ಮೂವತ್ತು ದಿನಕ್ಕೆ ಮುಗಿಯುತ್ತದೆ, ನವೀಕರಿಸಿ. ಇಬ್ಬರು ಹೋಟೆಲಿನಲ್ಲಿ ಊಟ ಮಾಡುವಷ್ಟು ಹಣವೂ ಅಲ್ಲ. ಕೆಳಗೆ ಒಂದು ಗುಂಡಿ, ಒತ್ತಿದರೆ ಆಯಿತು.

ನಾನು ಒತ್ತಲಿಲ್ಲ. ಅಳಿಸಲೂ ಇಲ್ಲ. ಹದಿನೈದು ದಿನ ಉಳಿದಾಗ ಇನ್ನೊಂದು ಬಂತು, ಏಳು ದಿನ ಉಳಿದಾಗ ಮತ್ತೊಂದು. ಪ್ರತಿ ಸಲವೂ ಪೂರ್ತಿ ಓದಿ ಮುಚ್ಚಿದೆ. ಮರೆತುಹೋಯಿತು ಎಂದು ಹೇಳಿಕೊಳ್ಳಲು ಬರುವಂತೆ ಇರಲಿ ಎಂದು ಮನಸ್ಸು ಲೆಕ್ಕಹಾಕುತ್ತಿತ್ತು. ನನ್ನ ಮನಸ್ಸು ಅಷ್ಟು ಚುರುಕಾಗಿ ವ್ಯಾಪಾರದಲ್ಲೂ ಎಂದೂ ಓಡಿಲ್ಲ. ಕೊನೆಯ ದಿನ ಕೆಂಪಕ್ಷರದಲ್ಲಿ ಬಂತು. ಅವತ್ತು ಅಂಗಡಿಯಲ್ಲಿ ಒಬ್ಬರ ಕನ್ನಡಕಕ್ಕೆ ಎಡದ ಗಾಜನ್ನು ಬಲಕ್ಕೆ ಕೂರಿಸಿ ಬೈಸಿಕೊಂಡೆ.

ಹೆಸರು ಮುಗಿದ ಮೇಲೂ ಹತ್ತು ದಿನ ಏನೂ ಆಗಲಿಲ್ಲ. ರೇಡಿಯೋ ಹಾಡಿತು, ಮೋಟಾರು ನೀರೆತ್ತಿತು. ಮನೆಯೊಳಗಿನ ಪೆಟ್ಟಿಗೆಗೆ ಹೊರಗಿನ ಸುದ್ದಿ ತಿಳಿಯುವುದು ನಿಧಾನವೆಂದು ಕಾಣುತ್ತದೆ. ಇಷ್ಟಕ್ಕೇ ಹೆದರಿದೆನಲ್ಲ ಎಂದುಕೊಂಡೆ. ಹಾಗೇ ಸ್ವಲ್ಪ ನಿರಾಸೆಯೂ ಆಯಿತು, ಸುಳ್ಳೇಕೆ ಹೇಳಲಿ.

ಹನ್ನೊಂದನೆಯ ದಿನ ಬೆಳಿಗ್ಗೆ ಅತ್ತೆ ಅಂಗಡಿಗೇ ಬಂದರು. ಎರಡು ಬೀದಿ ನಡೆದು, ಮೊಣಕಾಲು ಹಿಡಿದುಕೊಂಡು, ಟ್ಯಾಬನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದೆ.

"ನೋಡಪ್ಪ, ಇದೇನೋ ವಾಪಸ್ ಬಂದಿದೆ. ವಿಳಾಸ ಸಿಗಲಿಲ್ಲ ಅಂತಿದೆ. ನಾನೇನಾದ್ರೂ ತಪ್ಪು ಒತ್ತಿದ್ನಾ?"

"ಯಾರಿಗೆ ಕಳಿಸಿದ್ದು ಅತ್ತೆ?"

"ಇನ್ಯಾರಿಗೆ, ಅವನಿಗೇ," ಎಂದರು. "ಆದಿತ್ಯವಾರಕ್ಕೊಂದು ಹೇಳಿ ಬರೆಸ್ತೀನಿ ಇದಕ್ಕೆ. ಹಾಗೆ ನೋಡಬೇಡ, ನಂಗೇನೂ ಅರಳುಮರಳಲ್ಲ. ಅವನು ಓದಲ್ಲ ಅಂತ ಗೊತ್ತು. ಆದ್ರೆ ಆರು ವರ್ಷದಲ್ಲಿ ಒಂದು ಸಲಾನೂ ವಾಪಸ್ ಬಂದಿರಲಿಲ್ಲ. ಮೇಲಿನ ಸಾಲು ಮಾತ್ರ ನೋಡು, ಕೆಳಗಿನ ಕಾಗದ ಓದ್ಬೇಡ."

ಮಗನ ಇಮೇಲ್ ಇದ್ದದ್ದೂ ಅದೇ ಹೆಸರಿನ ಮೇಲೆ. ಹೆಂಡತಿ ಹೇಳಿದ ಬೇರೆ ಕೆಲಸ ಇದು. ಅವಳಿಗೆ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಅತಿಥಿ ಮೂರಕ್ಕೆ ಯಾರೂ ಹೇಳಿರಲಿಲ್ಲ. ಅತ್ತೆಯ ಕನ್ನಡಕ ತೆಗೆದು ಒರೆಸಿಕೊಡುವ ನೆಪ ಮಾಡಿದೆ. ಕನ್ನಡಕವಿಲ್ಲದೆ ಅವರಿಗೆ ಮೊಳ ದೂರದಲ್ಲಿರುವ ಮುಖವೂ ಮಬ್ಬು, ಅದು ನನ್ನಷ್ಟು ಇನ್ಯಾರಿಗೆ ಗೊತ್ತು? ಒಂದು ಕೈಯಲ್ಲಿ ಗಾಜು ಉಜ್ಜುತ್ತಾ ಕಾಗದವನ್ನು ಪೂರ್ತಿ ಓದಿದೆ.

"ಮಗಾ, ಮೊಣಕಾಲು ಈ ವಾರ ಪರವಾಗಿಲ್ಲ. ಮರಿ ನಿನ್ನ ಹಾಗೇ ಮಾತಾಡೋವಾಗ ಕೈ ಆಡಿಸೋಕೆ ಶುರು ಮಾಡಿದೆ. ಇವನ ವಿಷಯ ಹೇಳ್ತೀನಿ. ಆವತ್ತು ಹೆಸರಿನ ಮಾತು ಬಂದಾಗ ನಾನು ಬಾಯಿಗೆ ಬಂದ ಗಾದೆ ಹೇಳಿಬಿಟ್ಟೆ, ಆವತ್ತಿಂದ ಅವನ ಮುಖ ಸಣ್ಣದಾಗಿದೆ. ದಿನಾ ನಿನ್ನ ಫೋಟೋ ಒರೆಸ್ತಾನೆ. ಒರೆಸೋ ಜೋರು ನೋಡಿದ್ರೆ ನಿನ್ನೇ ಅಳಿಸಿಬಿಡ್ತಾನೇನೋ ಅನ್ಸುತ್ತೆ. ಒಳ್ಳೆಯವನು ಪಾಪ, ಬರೀ ಹೊಟ್ಟೆಕಿಚ್ಚು. ನಿನ್ನ ತಮ್ಮ ಹುಟ್ಟಿದಾಗ ನೀನೂ ಹೀಗೇ ತೊಟ್ಟಿಲು ಬಿಟ್ಟು ಏಳಲ್ಲ ಅಂತ ಹಟ ಹಿಡಿದಿದ್ದೆ. ಕಾಲು ಹೊರಗೆ ಚಾಚ್ಕೊಂಡು ಮಲಗಿದ್ದೆ. ಆಮೇಲೆ ನಾನು ಹೇಳಿದ್ಮೇಲೆ ಸರಿದೆ ತಾನೆ? ಈಗ್ಲೂ ಸ್ವಲ್ಪ ಸರಿದು ಇವನಿಗೆ ಜಾಗ ಬಿಡು ಮಗಾ."

ಕನ್ನಡಕವನ್ನು ಅವರ ಮೂಗಿನ ಮೇಲೆ ಕೂರಿಸಿದೆ.

"ನಿಮ್ಮದೇನೂ ತಪ್ಪಿಲ್ಲ ಅತ್ತೆ. ಕಂಪನಿಯವರದೇನೋ ಎಡವಟ್ಟು," ಅಂದೆ. "ಸರಿಮಾಡಿಸ್ತೀನಿ."

ಅವರನ್ನು ಆಟೋ ಹತ್ತಿಸಿ, ಅಂಗಡಿಯ ಬಾಗಿಲು ಎಳೆದುಕೊಂಡು ಕೂತೆ. ಹಳೆಯ ಇಮೇಲಿನ ಗುಂಡಿ ಒತ್ತಿದರೆ, ಅವಧಿ ಮೀರಿದೆ, ಮಾಲೀಕರೇ ಒಳಗೆ ಬಂದು ಕಟ್ಟಬೇಕು, ಪಾಸ್‌ವರ್ಡ್ ಕೊಡಿ ಎಂದಿತು. ಮರೆತಿದ್ದರೆ ಹೊಸದನ್ನು ಮಾಲೀಕರ ಇಮೇಲಿಗೆ ಕಳಿಸುತ್ತದಂತೆ. ಮಾಲೀಕರ ಇಮೇಲ್ ಯಾವುದು? ಅದೇ ಗುಂಡುಸೂಜಿ ಡಾಟ್ ನೆಟ್ಟಿನದು. ಪೆಟ್ಟಿಗೆಯೊಳಗೆ ಕೀಲಿಕೈ ಇಟ್ಟು ಬೀಗ ಒತ್ತಿದ ಹಾಗೆ. ಒತ್ತಿದವನು ನಾನು. ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ಮನೆ ಹೇಳಿದ್ದಾರೆಯೇ?

ಕಂಪನಿಗೆ ಫೋನ್ ಮಾಡಿದೆ. ಆ ಕಡೆ ಒಬ್ಬಳು ಹೆಣ್ಣುಮಗಳು, ಬಹಳ ಮರ್ಯಾದೆಯ ಮಾತಿನವಳು.

"ಮಾಲೀಕರ ಹತ್ತಿರಾನೇ ಮಾತಾಡಬೇಕಾಗುತ್ತೆ ಸರ್."

"ಅವರು ತೀರಿಕೊಂಡಿದಾರೆ."

"ಕ್ಷಮಿಸಿ ಸರ್. ನೀವು ಅವರಿಗೆ ಏನಾಗಬೇಕು?"

ಹೆಂಡತಿಯ ತಂಗಿಯ ಗಂಡನಿಗೆ ಷಡ್ಡಕ ಎಂಬ ಪದವಿದೆ. ಗಂಡನ ತಮ್ಮನ ಹೆಂಡತಿಗೆ ಓರಗಿತ್ತಿ. ಮಕ್ಕಳನ್ನು ಕೊಟ್ಟು ತಂದುಕೊಂಡವರು ಬೀಗರು. ಇಷ್ಟೆಲ್ಲ ನಂಟಿಗೆ ಪದ ಹುಟ್ಟಿಸಿದವರು ನನಗೂ ಅವನಿಗೂ ನಡುವೆ ಒಂದು ಪದ ಇಟ್ಟು ಹೋಗಿಲ್ಲ.

"ಮನೆಯವರು," ಅಂದೆ ಕೊನೆಗೆ.

"ಹಾಗಾದ್ರೆ ಅವರ ಹೆಂಡತಿ ಒಂದು ಅರ್ಜಿಗೆ ಸಹಿ ಹಾಕಿದ್ರೆ ಸಾಕು ಸರ್. ಇನ್ನು ಒಂಬತ್ತು ದಿನ ಇದೆ. ಅದು ದಾಟಿದ್ರೆ ಹೆಸರು ಬಯಲಿಗೆ ಬೀಳುತ್ತೆ, ಯಾರು ಬೇಕಾದ್ರೂ ಕೊಂಡ್ಕೋಬಹುದು."

ಯಾರು ಬೇಕಾದರೂ. ಹಾಸಿಗೆ ಅಂಗಡಿಯವನು, ಹೋಟೆಲಿನವನು. ಅತ್ತೆಯ ಕಾಗದಗಳೆಲ್ಲ ಆಗ ಕೊಂಡವನ ಬಾಗಿಲು ತಟ್ಟುತ್ತವೆ. ನನ್ನ ಹೊಟ್ಟೆಕಿಚ್ಚಿನ ಸುದ್ದಿಯೂ ಆದಿತ್ಯವಾರಕ್ಕೊಂದರಂತೆ ಅವನಿಗೆ ತಲುಪುತ್ತದೆ. ಅರ್ಜಿಯನ್ನು ಅಂಗಡಿಯಲ್ಲೇ ಪ್ರಿಂಟ್ ತೆಗೆದು ಮನೆಗೆ ಹೋದೆ. ಮಧ್ಯಾಹ್ನ ಹನ್ನೆರಡೂವರೆಗೆ ನಾನು ಮನೆಗೆ ಬಂದದ್ದೇ ಇಲ್ಲ. ಹೆಂಡತಿ ನಕ್ಷೆಯ ಮೇಜಿನಿಂದ ಗಾಬರಿಯಾಗಿ ಎದ್ದಳು.

"ಏನಾಯ್ತು? ಯಾರಿಗೇನಾಯ್ತು?"

"ಇಲ್ನೋಡು," ಅಂದೆ. ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಆಮೇಲೆ ಎಲ್ಲವನ್ನೂ ಹೇಳಿದೆ. ಮರೆತೆ ಎಂಬ ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು, ನಲವತ್ತು ದಿನದಿಂದ ಮಸೆದಿಟ್ಟದ್ದು. ಅತ್ತೆಯ ಕಾಗದ ಓದದೆ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ.

ಅವಳು ಅರ್ಜಿಯನ್ನು ಎರಡು ಸಲ ಓದಿದಳು. ಪೆನ್ಸಿಲನ್ನು ಡಬ್ಬಿಗೆ ಹಾಕಿದಳು.

"ಎಷ್ಟು ಸಲ ಬಂದಿತ್ತು ಇಮೇಲು?"

"ನಾಲ್ಕು."

"ನಾಲ್ಕೂ ಓದಿದ್ರಿ."

"ಹ್ಞೂಂ."

"ಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲ ರೀ," ಎಂದಳು. ಜೋರು ಮಾಡಿದ್ದರೆ ಚೆನ್ನಾಗಿತ್ತು. ಅವಳು ಜೋರು ಮಾಡುವವಳಲ್ಲ. "ಆ ಹೆಸರನ್ನ ಅತ್ತೆ ಕಾಗದಕ್ಕೆ ಮಾತ್ರ ಇಟ್ಟು, ಮನೇಲಿ ಬೇರೆ ಹಾಕ್ಬಹುದಿತ್ತು. ಮರಿಗೆ ಅರ್ಧ ಗಂಟೆ ಕೆಲಸ. ನಾನೇ ಹೇಳಬೇಕು ಅಂತಿದ್ದೆ. ಆದ್ರೆ ಎಲ್ಲರ ಮುಂದೆ ಕೇಳಿದಾಗ ನಂಗೇನು ಅಂದ್ರಿ. ನಿಮಗೇನೂ ಇಲ್ಲ ಅಂತ ನಾನು ನಂಬಿಬಿಟ್ಟೆ."

ಸಹಿ ಹಾಕಿದಳು. ಅದರ ಕೆಳಗೆ ಇನ್ನೊಂದು ಸಾಲಿತ್ತು: ಹೊಸ ಮಾಲೀಕರ ಹೆಸರು. ಅವಳು ಪೆನ್ನನ್ನು ನನ್ನ ಕಡೆ ತಳ್ಳಿದಳು.

"ನಾನಾ?"

"ಬಿಲ್ಲು ಕಟ್ಟೋರು ನೀವೇ ತಾನೆ? ಮುಂದಿನ ಸಲ ಬಿಟ್ಟು ಹೋದ್ರೆ ನಿಮ್ಮದೇ ಬಿಟ್ಟು ಹೋಗ್ಲಿ."

ಬರೆದೆ. ನನ್ನ ಅಕ್ಷರ ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ.

ಹೆಸರು ನಾಲ್ಕು ದಿನಕ್ಕೆ ವಾಪಸ್ ಬಂತು. ಆ ನಾಲ್ಕು ದಿನ ಹೆಂಡತಿ ನನ್ನೊಡನೆ ಉಪ್ಪು ಬೇಕಾ, ಬಾಗಿಲು ಹಾಕಿ, ಇಷ್ಟೇ ಮಾತಾಡಿದ್ದು. ಆದಿತ್ಯವಾರ ಅತ್ತೆ ಅದೇ ಕಾಗದವನ್ನು ಮತ್ತೆ ಕಳಿಸಿದರು. ಊಟದ ಹೊತ್ತಿಗೆ ಹಿಂದಿನ ಕೋಣೆಯಿಂದ ಬಂದು, "ವಾಪಸ್ ಬರಲಿಲ್ಲ ಕಣಪ್ಪ," ಎಂದು ನನ್ನ ಬೆನ್ನು ತಟ್ಟಿದರು. ಜೀವ ತಂಪಾಯಿತು. ಆ ತಂಪಿನಲ್ಲೇ ಒಂದು ಕಿಡಿ: ನನ್ನ ಬೆನ್ನು ತಟ್ಟಲು ಇಷ್ಟು, ಕಾಗದ ಮಾತ್ರ ಅವನಿಗೆ. ಈ ಹಾಳು ಬುದ್ಧಿಗೆ ಏನು ಹೇಳುವುದು!

ಮಗಳಿಗೆ ಎಲ್ಲ ಗೊತ್ತಾಗಿತ್ತು. ಎರಡು ದಿನ ನನ್ನನ್ನು ಅಂಕಲ್ ಎಂದೂ ಕರೆಯಲಿಲ್ಲ. ಮೂರನೆಯ ದಿನ ಅವಳ ಕನ್ನಡಕದ ತಿರುಪು ಬಿದ್ದುಹೋಯಿತು, ನನ್ನ ಹತ್ತಿರ ಬರದೆ ವಿಧಿಯಿರಲಿಲ್ಲ. ತಿರುಪು ಹಾಕುತ್ತಾ ಕೇಳಿಯೇಬಿಟ್ಟೆ.

"ನನ್ನ ಫೋನಿಗೆ ಅತಿಥಿ ಮೂರು ಅಂತ ಇಟ್ಟಿದ್ದು ಯಾರು, ನೀನಾ?"

"ಯಾರೂ ಇಟ್ಟಿಲ್ಲ," ಎಂದಳು ಬರಿಗಣ್ಣು ಕಿರಿದು ಮಾಡಿ. "ಹೆಸರು ಹೇಳದೆ ಒಳಗೆ ಬಂದವರನ್ನೆಲ್ಲ ಪೆಟ್ಟಿಗೆ ಅತಿಥಿ ಅಂತಾನೇ ಕರೆಯೋದು. ಅತಿಥಿ ಒಂದು ಅಂದ್ರೆ ಮೀಟರ್ ನೋಡೋರು, ಅತಿಥಿ ಎರಡು ಅಮ್ಮನ ಆಫೀಸಿನವರು. ಬಂದ ದಿನಾನೇ ಕೇಳಿತ್ತು, ನಿಮ್ಮ ಹೆಸರೇನು ಅಂತ. ನೀವು ಏನೂ ಬರೀದೆ ಮುಂದಕ್ಕೆ ಅಂತ ಒತ್ತಿದ್ರಿ. ನಾನು ಪಕ್ಕದಲ್ಲೇ ಇದ್ದೆ."

ಈಗ ಪಟ್ಟಿಯಲ್ಲಿ ನನ್ನ ಫೋನಿನ ಹೆಸರು ಕನ್ನಡಕ ಡಾಟ್ ಗುಂಡುಸೂಜಿ ಡಾಟ್ ನೆಟ್. ಅವಳೇ ಬರೆದುಕೊಟ್ಟಳು. ನೀರಿನ ಮೋಟಾರಿನ ಮೇಲಿನ ಸಾಲು.

ಕಂಪನಿಯಿಂದ ಪ್ರಮಾಣಪತ್ರ ಬಂದಿದೆ. ಗುಂಡುಸೂಜಿ ಡಾಟ್ ನೆಟ್, ಮಾಲೀಕರು ನಾನು, ಹತ್ತು ವರ್ಷಕ್ಕೆ. ಒಟ್ಟಿಗೇ ಕಟ್ಟಿಬಿಟ್ಟೆ, ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ. ಮಾಲೀಕನೆಂಬ ಧೈರ್ಯದ ಮೇಲೆ, ಹೆಂಡತಿ ಮಾತಾಡಲು ಶುರುಮಾಡಿದ ವಾರ, ಒಂದು ಬೆಳಿಗ್ಗೆ ಅವಳ ಕೋಣೆಗೆ ಚಹಾ ತೆಗೆದುಕೊಂಡು ಹೋದೆ. ಪೆನ್ಸಿಲನ್ನು ತುಟಿಯಲ್ಲಿ ಕಚ್ಚಿಕೊಂಡು ನಕ್ಷೆಯ ಮೇಲೆ ಬಗ್ಗಿದ್ದಳು.

"ಗುಂಡುಸೂಜಿ," ಅಂದೆ.

ಅವಳು ಅಲುಗಲಿಲ್ಲ. ನಾನು ಕಿವಿಯನ್ನೇ ನೋಡುತ್ತಾ ನಿಂತೆ. ಅದು ಕೆಂಪಾಗಲಿಲ್ಲ. ಅವಳು ಪೆನ್ಸಿಲನ್ನು ತುಟಿಯಿಂದ ತೆಗೆದು ಮೇಜಿನ ಮೇಲೆ ಸದ್ದಾಗದಂತೆ ಇಟ್ಟಳು.

"ಅದು ಬೇಡ ರೀ," ಎಂದಳು. "ನೀವು ಬೇರೆ ಏನಾದ್ರೂ ಇಡಿ."

"ಏನಿಡಲಿ?"

"ಅದನ್ನೂ ನಾನೇ ಹೇಳಬೇಕಾ? ಎರಡು ವರ್ಷದಿಂದ ಇಲ್ನೋಡು, ಇಲ್ನೋಡು ಅಂತಾನೇ ಕರೀತಿದೀರ. ನೋಡ್ತಾನೇ ಇದೀನಿ ನಾನೂ."

ಅಂಗಡಿಯಲ್ಲಿ ಗಾಜು ಉಜ್ಜುವಾಗೆಲ್ಲ ಈಗ ಅದೇ ಯೋಚನೆ. ಒಂದಷ್ಟು ಹೆಸರುಗಳನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು ಹೊಡೆದುಹಾಕಿದ್ದೇನೆ. ಒಂದು ಬಲ್ಬಿನ ಅಂಗಡಿಯ ಹಾಗಿದೆ, ಒಂದು ಔಷಧಿಯ ಹಾಗೆ. ಒಂದೂ ಅವಳ ಹಾಗಿಲ್ಲ. ಅವನಿಗೆ ಅದು ಒಂದೇ ನೋಟಕ್ಕೆ ಸಿಕ್ಕಿತ್ತಲ್ಲ ಎಂದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.